ಸಿಸಿಲಿ: ಒಂದು ದ್ವೀಪ, ಮೂರು ನಾಡು

ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲಿ ಸಿಸಿಲಿ ಅತ್ಯಂತ ದೊಡ್ಡದು. ವಿಸ್ತೀರ್ಣ ಸುಮಾರು 25,700 ಚದರ ಕಿ.ಮೀ.; ಜನಸಂಖ್ಯೆ ಸುಮಾರು 48 ಲಕ್ಷ. ಇಟಲಿಯ ಮುಖ್ಯಭೂಮಿಯಿಂದ ಇದನ್ನು ಬೇರ್ಪಡಿಸುವ ಮೆಸ್ಸಿನಾ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 3 ಕಿ.ಮೀ. ಅಗಲವಿದೆ. ಇನ್ನೊಂದು ದಿಕ್ಕಿನಲ್ಲಿ ಆಫ್ರಿಕದ ಟ್ಯುನಿಷಿಯಾ ಕರಾವಳಿ ಸುಮಾರು 150 ಕಿ.ಮೀ. ದೂರದಲ್ಲಿದೆ. ಎರಡು ಖಂಡಗಳ ನಡುವಿನ ಈ ಸ್ಥಾನವೇ ದ್ವೀಪದ ಚರಿತ್ರೆಯನ್ನು ನಿರ್ಧರಿಸಿದೆ. ಫಿನೀಷಿಯನ್ನರು, ಗ್ರೀಕರು, ರೋಮನ್ನರು, ಬೈಜಾಂಟಿಯನ್ನರು, ಅರಬರು, ನಾರ್ಮನ್ನರು, ಸ್ಪೇನಿನ ದೊರೆಗಳು ಒಬ್ಬರ ಹಿಂದೊಬ್ಬರಂತೆ ಇಲ್ಲಿಗೆ ಬಂದರು. 1860ರ ಮೇ 11ರಂದು ಗ್ಯಾರಿಬಾಲ್ಡಿ ತನ್ನ ಸ್ವಯಂಸೇವಕರೊಂದಿಗೆ ಮಾರ್ಸಲಾ ಬಂದರಿನಲ್ಲಿ ಇಳಿದ ನಂತರ ಸಿಸಿಲಿ ಇಟಲಿಯೊಂದಿಗೆ ಒಂದಾಯಿತು. 1946ರಲ್ಲಿ ಅದಕ್ಕೆ ಸ್ವಾಯತ್ತ ಪ್ರದೇಶದ ಸ್ಥಾನ ದೊರೆಯಿತು.

ಪ್ರವಾಸಿಗರು ಸಾಮಾನ್ಯವಾಗಿ ಪಲೆರ್ಮೊ, ತಾವೊರ್ಮಿನಾ, ಎಟ್ನಾ ಪರ್ವತಗಳನ್ನು ನೋಡಿ ಮರಳುತ್ತಾರೆ. ಆದರೆ ದ್ವೀಪದ ಸ್ವರೂಪ ಅರಿಯಲು ಹಳೆಯ ವಿಭಜನೆಯೊಂದು ಹೆಚ್ಚು ನೆರವಾಗುತ್ತದೆ. ಅರಬರ ಕಾಲದಿಂದ ಬಂದದ್ದೆಂದು ಹೇಳಲಾಗುವ ಈ ಕ್ರಮದಲ್ಲಿ ಸಿಸಿಲಿಯನ್ನು ಮೂರು ‘ವಾಲ್’ಗಳಾಗಿ ವಿಂಗಡಿಸಲಾಗಿತ್ತು: ಪಶ್ಚಿಮದಲ್ಲಿ ವಾಲ್ ದಿ ಮಜಾರಾ, ಈಶಾನ್ಯದಲ್ಲಿ ವಾಲ್ ದೆಮೋನೆ, ಆಗ್ನೇಯದಲ್ಲಿ ವಾಲ್ ದಿ ನೋಟೊ. 19ನೇ ಶತಮಾನದ ಆರಂಭದಲ್ಲಿ ಆಡಳಿತದಿಂದ ಈ ವಿಭಾಗಗಳು ಮರೆಯಾದವು. ಆದರೂ ಕಲ್ಲು, ಬೆಳೆ, ಊರಿನ ಹೆಸರು ಹಾಗೂ ನೀರಿನ ಲಭ್ಯತೆಯಲ್ಲಿ ಮೂರರ ವ್ಯತ್ಯಾಸ ಇಂದಿಗೂ ಕಾಣಸಿಗುತ್ತದೆ.

ಪಶ್ಚಿಮ: ಅರಬರು ತಂದ ನೀರು

ಅರಬ್ ಸೇನೆ 827ರಲ್ಲಿ ಮಜಾರಾದಲ್ಲಿ ಇಳಿಯಿತು. 831ರಲ್ಲಿ ಪಲೆರ್ಮೊ ಅದರ ವಶವಾಯಿತು. ಹೊಸ ಅರಸರು ಕತ್ತಿಯೊಂದಿಗೆ ನೀರಾವರಿಯ ವಿದ್ಯೆಯನ್ನೂ ತಂದರು. ಅಂತರ್ಜಲವನ್ನು ಇಳಿಜಾರಿನ ಸುರಂಗದ ಮೂಲಕ ಹೊರಕ್ಕೆ ಹರಿಸುವ, ಪರ್ಷಿಯಾ ಮೂಲದ ‘ಕನಾತ್’ ಕಾಲುವೆಗಳ ಭಾಗಗಳು ಪಲೆರ್ಮೊ ನಗರದ ಅಡಿಯಲ್ಲಿ ಇಂದಿಗೂ ಉಳಿದಿವೆ. ನಿಂಬೆ, ಹುಳಿ ಕಿತ್ತಳೆ, ಕಬ್ಬಿನ ಬೇಸಾಯ ಬೇರೂರಿದ್ದು ಈ ನೀರಿನಿಂದಲೇ. ನೀರಿನ ತೊಟ್ಟಿಗೆ ‘ಜೆಬ್ಬಿಯಾ’, ಕಾಲುವೆಗೆ ‘ಸಾಯಾ’ ಎನ್ನುವ ಸಿಸಿಲಿಯ ರೈತರ ಪದಗಳು ಅರೇಬಿಕ್ ಮೂಲದವು. ಕಾಲ್ತಾಬೆಲ್ಲೊತ್ತಾ, ಕಾಲ್ತಾನಿಸ್ಸೆತ್ತಾ ಎಂಬ ಊರ ಹೆಸರುಗಳಲ್ಲಿನ ‘ಕಾಲ್ತಾ’ ಎಂದರೆ ಕೋಟೆ, ಅದೂ ಅರೇಬಿಕ್.

1061ರಿಂದ 1091ರ ಅವಧಿಯಲ್ಲಿ ದ್ವೀಪವನ್ನು ಗೆದ್ದ ನಾರ್ಮನ್ನರು ಈ ಪರಂಪರೆಯನ್ನು ಅಳಿಸದೆ ಬಳಸಿಕೊಂಡರು. 1130ರಲ್ಲಿ ಕಿರೀಟ ಧರಿಸಿದ ಎರಡನೇ ರೋಜರ್‌ನ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಗೋಡೆಯ ಮೇಲೆ ಬೈಜಾಂಟಿಯನ್ ಶೈಲಿಯ ಮೊಸಾಯಿಕ್ ಚಿತ್ರಗಳಿದ್ದರೆ, ಜೇನುಗೂಡಿನಂತೆ ಕೆತ್ತಿದ ಮರದ ಚಾವಣಿಯಲ್ಲಿ ಅರೇಬಿಕ್ ಬರಹವಿದೆ. ಪಲೆರ್ಮೊ, ಚೆಫಲು ಮತ್ತು ಮೊನ್ರಿಯಾಲೆಯ ಅರಬ್-ನಾರ್ಮನ್ ಕಟ್ಟಡಗಳು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅದೇ ನಗರದ ಸುತ್ತಲಿದ್ದ ನಿಂಬೆ ತೋಟಗಳ ಬಹುಭಾಗ 1950 ಮತ್ತು 60ರ ದಶಕಗಳಲ್ಲಿ ಕಾಂಕ್ರೀಟಿನ ಪಾಲಾಯಿತು. ರಾಜಕಾರಣಿಗಳು ಮತ್ತು ಮಾಫಿಯಾ ಕೈಜೋಡಿಸಿ ನಡೆಸಿದ ಈ ನಿರ್ಮಾಣ ಇತಿಹಾಸದಲ್ಲಿ ‘ಪಲೆರ್ಮೊ ಲೂಟಿ’ ಎಂದೇ ಹೆಸರಾಗಿದೆ. ಮಾಫಿಯಾ ವಿರುದ್ಧ ಹೋರಾಡಿದ ನ್ಯಾಯಾಧಿಕಾರಿಗಳಾದ ಜೊವಾನ್ನಿ ಫಾಲ್ಕೋನೆ ಮತ್ತು ಪಾವೊಲೊ ಬೊರ್ಸೆಲಿನೊ 1992ರಲ್ಲಿ ಎರಡು ತಿಂಗಳ ಅಂತರದಲ್ಲಿ ಬಾಂಬ್ ಸ್ಫೋಟಕ್ಕೆ ಬಲಿಯಾದರು. ಪಲೆರ್ಮೊ ವಿಮಾನ ನಿಲ್ದಾಣಕ್ಕೆ ಇಂದು ಇಬ್ಬರ ಹೆಸರನ್ನೂ ಇಡಲಾಗಿದೆ.

ಈಶಾನ್ಯ: ಬೆಂಕಿಯ ಬೆಟ್ಟದ ತಪ್ಪಲು

ಪರ್ವತಗಳ ನಾಡಾದ ವಾಲ್ ದೆಮೋನೆ ಅರಬರಿಗೆ ಕೊನೆಗೆ ಮಣಿದ ಭಾಗ. ತಾವೊರ್ಮಿನಾ 902ರಲ್ಲಿ, ರೊಮೆಟ್ಟಾ 965ರಲ್ಲಿ ಕೈಬಿಟ್ಟವು. ಆದ್ದರಿಂದ ಗ್ರೀಕ್ ಭಾಷೆ ಮತ್ತು ಕ್ರೈಸ್ತ ಸಂಪ್ರದಾಯ ಇಲ್ಲಿ ದೀರ್ಘಕಾಲ ಉಳಿದವು.

3,300 ಮೀಟರಿಗೂ ಎತ್ತರದ ಎಟ್ನಾ ಯೂರೋಪಿನ ಅತ್ಯಂತ ಚಟುವಟಿಕೆಯ ಜ್ವಾಲಾಮುಖಿಗಳಲ್ಲೊಂದು. 1669ರಲ್ಲಿ ಅದರ ಲಾವಾರಸ ಕತಾನಿಯಾ ನಗರವನ್ನು ತಲುಪಿತ್ತು. ಆದರೂ ಜನ ತಪ್ಪಲನ್ನು ತೊರೆಯಲಿಲ್ಲ. ಅಲ್ಲಿನ ಮಣ್ಣು ಫಲವತ್ತು. ಕರಗಿದ ಹಿಮ ಲಾವಾ ಕಲ್ಲಿನ ಬಿರುಕುಗಳಲ್ಲಿ ಇಂಗಿ ಕೆಳಗೆ ಊಟೆಗಳಾಗಿ ಚಿಮ್ಮುತ್ತದೆ. ದ್ರಾಕ್ಷಿ ತೋಟಗಳೂ ಬ್ರೊಂತೆ ಊರಿನ ಪಿಸ್ತಾ ಬೆಳೆಯೂ ಈ ಬೆಟ್ಟದ ಕೊಡುಗೆ. ಭೂಕಂಪವಂತೂ ಈ ನಾಡನ್ನು ಬಿಟ್ಟಿಲ್ಲ. 1908ರ ಡಿಸೆಂಬರ್ 28ರಂದು ಮೆಸ್ಸಿನಾ ನಗರ ನೆಲಸಮವಾಗಿ ಹತ್ತಾರು ಸಾವಿರ ಜನ ಸತ್ತರು.

ಆಗ್ನೇಯ: ಕುಸಿದ ಮೇಲೆ ಕಟ್ಟಿದ ಊರುಗಳು

ಗ್ರೀಕರು ಕ್ರಿ.ಪೂ. 8ನೇ ಶತಮಾನದಲ್ಲಿ ಸ್ಥಾಪಿಸಿದ ಸಿರಾಕ್ಯೂಸ್ ಆರ್ಕಿಮಿಡೀಸನ ಊರು. ಕ್ರಿ.ಪೂ. 212ರಲ್ಲಿ ರೋಮನ್ ಸೇನೆ ನಗರವನ್ನು ಹಿಡಿದಾಗ ಅವನು ಹತನಾದ. ಇಲ್ಲಿನ ಪ್ರಧಾನ ಚರ್ಚಿನ ಗೋಡೆಗಳಲ್ಲಿ ಕ್ರಿ.ಪೂ. 5ನೇ ಶತಮಾನದ ಅಥೀನಾ ದೇಗುಲದ ಕಂಬಗಳು ಈಗಲೂ ನಿಂತಿವೆ.

1693ರ ಜನವರಿಯ ಭೂಕಂಪದಲ್ಲಿ ಈ ಭಾಗದ ಸುಮಾರು 60 ಸಾವಿರ ಜನ ಸತ್ತರು. ನೋಟೊ ಪಟ್ಟಣವನ್ನು ಹಳೆಯ ನಿವೇಶನದಿಂದ ಕೆಲವು ಕಿ.ಮೀ. ದೂರದಲ್ಲಿ ಹೊಸದಾಗಿ, ಜೇನುಬಣ್ಣದ ಸುಣ್ಣಕಲ್ಲಿನಲ್ಲಿ ಕಟ್ಟಲಾಯಿತು. ರಗೂಸಾ, ಮೊದಿಕಾ, ಶಿಕ್ಲಿ ಹಾಗೂ ಎರಡು ವಾಲ್‌ಗಳ ಗಡಿಯಲ್ಲಿರುವ ಕತಾನಿಯಾ ಸೇರಿದಂತೆ ಹೀಗೆ ಮರುಹುಟ್ಟು ಪಡೆದ 8 ಊರುಗಳು 2002ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಪಡೆದವು.

ಒಳನಾಡು: ಒಣಗುತ್ತಿರುವ ಕಣಜ

ಮೂರು ವಾಲ್‌ಗಳು ಕೂಡುವ ಒಳನಾಡು ರೋಮ್ ಸಾಮ್ರಾಜ್ಯದ ಗೋಧಿ ಕಣಜವಾಗಿತ್ತು. ಪಿಯಾತ್ಸಾ ಆರ್ಮೆರಿನಾ ಬಳಿಯ 4ನೇ ಶತಮಾನದ ಬಂಗಲೆಯ ನೆಲದ ಮೊಸಾಯಿಕ್ ಚಿತ್ರಗಳು ಆ ಕಾಲದ ಐಶ್ವರ್ಯಕ್ಕೆ ಸಾಕ್ಷಿ. 19ನೇ ಶತಮಾನದಲ್ಲಿ ಗಂಧಕದ ಗಣಿಗಳು ಇಲ್ಲಿನ ಜೀವನಾಧಾರವಾಗಿದ್ದವು. ಅವು ಮುಚ್ಚಿವೆ, ದುಡಿಯುವ ಜನ ವಲಸೆ ಹೋಗಿ ಬೆಟ್ಟದ ಮೇಲಿನ ಊರುಗಳು ಬರಿದಾಗುತ್ತಿವೆ.

ಇದರ ಮೇಲೆ ಬರಗಾಲದ ಬರೆ. 2021ರ ಆಗಸ್ಟ್ 11ರಂದು ಸಿರಾಕ್ಯೂಸ್ ಸಮೀಪ ದಾಖಲಾದ 48.8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವನ್ನು ಯೂರೋಪ್ ಖಂಡದ ದಾಖಲೆಯೆಂದು ವಿಶ್ವ ಹವಾಮಾನ ಸಂಸ್ಥೆ ಮಾನ್ಯ ಮಾಡಿದೆ. 2024ರಲ್ಲಿ ಇಟಲಿ ಸರ್ಕಾರ ಸಿಸಿಲಿಯಲ್ಲಿ ಬರದ ತುರ್ತುಸ್ಥಿತಿ ಘೋಷಿಸಿತು. ಎನ್ನಾ ಬಳಿಯ ಪೆರ್ಗೂಸಾ ಸರೋವರ ಆ ಬೇಸಿಗೆಯಲ್ಲಿ ಬಹುತೇಕ ಬತ್ತಿತು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ದೇಗುಲಗಳಿಗೆ ಪ್ರಸಿದ್ಧವಾದ ಅಗ್ರಿಜೆಂಟೊ 2025ರಲ್ಲಿ ಇಟಲಿಯ ಸಾಂಸ್ಕೃತಿಕ ರಾಜಧಾನಿಯ ಗೌರವಕ್ಕೆ ಪಾತ್ರವಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿನ ಮನೆಗಳೂ ವಸತಿಗೃಹಗಳೂ ಟ್ಯಾಂಕರ್ ನೀರಿಗೆ ಕಾಯುತ್ತಿದ್ದವು. ಮಳೆಯ ಕೊರತೆ ಒಂದು ಕಾರಣವಾದರೆ, ಹಳೆಯ ಕೊಳವೆಗಳಲ್ಲಿ ಅರ್ಧದಷ್ಟು ನೀರು ಮನೆ ತಲುಪುವ ಮೊದಲೇ ಸೋರಿಹೋಗುವುದು ಇನ್ನೊಂದು.

ದ್ವೀಪ ಸಂದರ್ಶನಕ್ಕೆ ಏಪ್ರಿಲ್-ಮೇ ಅಥವಾ ಅಕ್ಟೋಬರ್ ಸೂಕ್ತ ಕಾಲ. ಮುಖ್ಯಭೂಮಿಯಿಂದ ರೈಲಿನಲ್ಲಿ ಬರುವವರನ್ನು ಬೋಗಿಗಳ ಸಮೇತ ಹಡಗಿನಲ್ಲಿ ದಾಟಿಸಲಾಗುತ್ತದೆ. ಪಲೆರ್ಮೊದಿಂದ ಕತಾನಿಯಾಕ್ಕೆ ಸುಮಾರು 200 ಕಿ.ಮೀ.; ಹೆದ್ದಾರಿ ಒಳನಾಡಿನ ಗೋಧಿ ಹೊಲಗಳ ನಡುವೆಯೇ ಹಾದುಹೋಗುತ್ತದೆ. ಕರಾವಳಿಯ ವೈಭವವನ್ನು ಸಾವಿರಾರು ವರ್ಷ ಪೋಷಿಸಿದ ಈ ನೆಲಕ್ಕೆ ಮತ್ತೆ ನೀರು ಒದಗಿಸುವುದು ಸಿಸಿಲಿಯ ಮುಂದಿರುವ ಇಂದಿನ ಪ್ರಶ್ನೆ.