ಇಂಡಿಯನ್ ಓಪನ್ ಗಾಲ್ಫ್ ಪಂದ್ಯದ ಇತಿಹಾಸ

ಒಂದು ಕ್ರೀಡೆಯು ಒಂದು ದೇಶಕ್ಕೆ ಬಂದ ಮಾತ್ರಕ್ಕೆ ಆ ದೇಶದ ಜನರದಾಗುವುದಿಲ್ಲ. ಅದು ಯಾರ ಕೈಗೆ ದಕ್ಕಿತು, ಯಾರಿಗೆ ಬಹುಕಾಲ ದಕ್ಕದೆ ಉಳಿಯಿತು ಎಂಬುದರಲ್ಲಿಯೇ ಅದರ ನಿಜವಾದ ಚರಿತ್ರೆಯಿದೆ. ನಮ್ಮ ದೇಶದ ಮುಕ್ತ ಗಾಲ್ಫ್ ಪಂದ್ಯವಾದ ‘ಇಂಡಿಯನ್ ಓಪನ್’ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಗಾಲ್ಫ್ ಆಟದ ನಿಯಮ ಸರಳವಾದುದು. ವಿಶಾಲವಾದ ಹುಲ್ಲಿನ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಚಿಕ್ಕ ಚೆಂಡನ್ನು ದಾಂಡಿನಿಂದ ಹೊಡೆಯುತ್ತ ಒಂದೊಂದೇ ಕುಳಿಗೆ ಸೇರಿಸಬೇಕು. ನಾಲ್ಕು ದಿನಗಳ ಪಂದ್ಯದಲ್ಲಿ, 72 ಕುಳಿಗಳಿಗೆ ಎಲ್ಲರಿಗಿಂತ ಕಡಮೆ ಹೊಡೆತಗಳನ್ನು ತೆಗೆದುಕೊಂಡವನೇ ವಿಜಯಿ. ದಾಂಡುಗಳ ಚೀಲವನ್ನು ಹೊತ್ತು ಆಟಗಾರನ ಸಂಗಡ ನಡೆಯುವ ಕೂಲಿಯವನಿಗೆ ‘ಕ್ಯಾಡಿ’ ಎಂದು ಹೆಸರು.

ಈ ಆಟವನ್ನು ಇಲ್ಲಿಗೆ ತಂದವರು ಆಂಗ್ಲರು. ಕಲ್ಕತ್ತೆಯ ಗಾಲ್ಫ್ ಸಂಘವು 1829ರಲ್ಲಿಯೂ ಬೆಂಗಳೂರಿನದು 1876ರಲ್ಲಿಯೂ ಹುಟ್ಟಿದುವು. ಸಂಘದ ಸದಸ್ಯರು ವಿನೋದಕ್ಕಾಗಿ ಆಡುವ ಹವ್ಯಾಸಿಗಳು. ಚೀಲ ಹೊರುವವರು ಸುತ್ತಮುತ್ತಲಿನ ಬಡ ಹುಡುಗರು. ಸ್ವಾತಂತ್ರ್ಯಾನಂತರ ಸದಸ್ಯರ ಮೈಬಣ್ಣ ಬದಲಾಯಿತೇ ಹೊರತು ಈ ಏರ್ಪಾಡು ಬಹುವಾಗಿ ಬದಲಾಗಲಿಲ್ಲ. ಆದರೆ ನೋಡುವ ಕಣ್ಣಿಗೆ ಬೇಲಿಯುಂಟೇ? ಹೊರುವವರು ನೋಡುತ್ತ ಕಲಿತರು. ನಮ್ಮ ದೇಶದ ವೃತ್ತಿಪರ ಆಟಗಾರರಲ್ಲಿ ಅನೇಕರು ಈ ಹುಡುಗರ ನಡುವಿನಿಂದಲೇ ಬಂದರು.

ಇಂಡಿಯನ್ ಓಪನ್ ಆರಂಭವಾದುದು 1964ರಲ್ಲಿ. ಬ್ರಿಟನ್ನಿನ ಓಪನ್ ಪಂದ್ಯವನ್ನು ಒಟ್ಟು ಐದು ಬಾರಿ ಗೆದ್ದ ಆಸ್ಟ್ರೇಲಿಯದ ಪೀಟರ್ ಟಾಮ್ಸನ್ನರು ಇದರ ಸ್ಥಾಪನೆಗೆ ಪ್ರೇರಕರು. ಮೊದಲ ವಿಜಯಿಯೂ ಅವರೇ. 1966 ಮತ್ತು 1976ರಲ್ಲಿ ಅವರು ಮತ್ತೆ ಗೆದ್ದರು. 1965ರಲ್ಲಿ ಪಿ. ಜಿ. ಸೇಠಿಯವರು ಗೆದ್ದು, ಈ ಗೌರವ ಪಡೆದ ಪ್ರಥಮ ಭಾರತೀಯರಾದರು. ಅವರು ಹವ್ಯಾಸಿಗಳು.

ಆಮೇಲೆ ಇಪ್ಪತ್ತಾರು ವರ್ಷಗಳ ಕಾಲ ಪ್ರಶಸ್ತಿಯು ವಿದೇಶೀಯರ ಪಾಲಾಯಿತು. 1991ರಲ್ಲಿ ದೆಹಲಿಯ ಮೈದಾನದಲ್ಲಿ ಆ ಕಟ್ಟು ಮುರಿಯಿತು. ಮುರಿದಾತ ಅಲಿ ಷೇರ್. ಒಂದು ಕಾಲದಲ್ಲಿ ಕ್ಯಾಡಿಯಾಗಿ ಪರರ ಚೀಲ ಹೊತ್ತಿದ್ದ ಆತ ಈ ಪಂದ್ಯವನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ. 1993ರಲ್ಲಿ ಆತ ಪುನಃ ಗೆದ್ದುದರಿಂದ, ಮೊದಲಿನ ಜಯ ಕೇವಲ ಅದೃಷ್ಟವೆನ್ನುವವರ ಬಾಯಿಗೆ ಬೀಗ ಬಿದ್ದಿತು.

ಬಾಗಿಲು ತೆರೆದ ಮೇಲೆ ಹಲವರು ಒಳಬಂದರು. ಜ್ಯೋತಿ ರಾಂಧವಾ 2000, 2006 ಮತ್ತು 2007ರಲ್ಲಿ ಗೆದ್ದರು. 2009ರಲ್ಲಿ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪನವರು ವಿಜಯಿಗಳಾದರು, ಅವರೂ ಕ್ಯಾಡಿಯಾಗಿದ್ದವರೇ. ಕಲ್ಕತ್ತೆಯ ಮೈದಾನದಲ್ಲಿ ಹುಲ್ಲನ್ನು ನೋಡಿಕೊಳ್ಳುತ್ತಿದ್ದ ನೌಕರನ ಮಗ ಎಸ್. ಎಸ್. ಪಿ. ಚೌರಾಸಿಯಾ, 2015ರಲ್ಲಿ ಅನಿರ್ಬನ್ ಲಾಹಿರಿಯವರೊಡನೆ ಸರಿಸಮನಾಗಿ ನಿಂತು ಹೆಚ್ಚುವರಿ ಆಟದಲ್ಲಿ ಸೋತರು. ಎದೆಗುಂದದೆ 2016 ಮತ್ತು 2017ರಲ್ಲಿ ಸತತವಾಗಿ ಗೆದ್ದರು.

ಏಕಲವ್ಯನ ಕಥೆಯನ್ನು ನಾವು ತರಗತಿಗಳಲ್ಲಿ ಹೇಳುತ್ತೇವೆ, ಕೇಳುತ್ತೇವೆ. ದೂರದಿಂದ ಕಲಿತವನ ವಿದ್ಯೆಗೆ ಅಲ್ಲಿ ಹೆಬ್ಬೆರಳೇ ದಕ್ಷಿಣೆಯಾಯಿತು. ‘ಓಪನ್’ ಎಂಬ ಪದಕ್ಕೆ ಮುಕ್ತವಾದುದೆಂದು ಅರ್ಥ. ಅಲ್ಲಿ ಎಣಿಸುವುದು ಹೊಡೆತಗಳನ್ನು ಮಾತ್ರ, ಕುಲವನ್ನಲ್ಲ, ಹಣವನ್ನಲ್ಲ. ಆದರೂ ಆ ಪದವು ನಮ್ಮ ಕ್ಯಾಡಿಗಳ ಪಾಲಿಗೆ ನಿಜವಾಗಲು 1964ರಿಂದ 1991ರವರೆಗೆ ಕಾಯಬೇಕಾಯಿತು. ಆ ನಡುವೆ ಚೀಲ ಹೊತ್ತೇ ಬಾಳು ಸವೆಸಿದವರ ಹೆಸರುಗಳು ಯಾವ ಫಲಕದಲ್ಲಿಯೂ ಇಲ್ಲ. ವಿಜಯಿಗಳ ಪಟ್ಟಿಯನ್ನು ಓದುವಾಗ ಅವರನ್ನೂ ನೆನೆಯುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ.