ಬಂಧುಗಳಿಲ್ಲದ ಹೆಣ, ಹೆಸರಿಲ್ಲದ ಕೈ

ದಲಿತ ವಿಮರ್ಶೆ ಎಂದರೆ ಕತೆ, ಕವಿತೆಗಳನ್ನು ಕುರಿತ ಮಾತಷ್ಟೇ ಅಲ್ಲ. ಯಾವ ಜ್ಞಾನ ಯಾರ ಹೆಸರಿಗೆ ಜಮಾ ಆಯಿತು ಎಂಬ ಲೆಕ್ಕವನ್ನೂ ಅದು ಕೇಳಬೇಕು. ಕಾಲೇಜಿನಲ್ಲಿ ಮನುಷ್ಯದೇಹದ ರಚನೆ, ಕ್ರಿಯೆಗಳನ್ನು ಓದುವ ವಿದ್ಯೆಯ ಚರಿತ್ರೆಯನ್ನು ಆ ದೃಷ್ಟಿಯಿಂದ ನೋಡುವುದು ಈ ಬರಹದ ಉದ್ದೇಶ.

ಕೊಳ್ಳೇಗಾಲ ಸೀಮೆಯ ಕೇರಿಯಲ್ಲಿ ಬೆಳೆದ ನನಗೆ ಈ ವಿದ್ಯೆಯ ಮೊದಲ ಪಾಠವಾದದ್ದು ಸತ್ತ ದನ ಕುಯ್ಯುವ ಜಾಗದಲ್ಲಿ. "ಪಿತ್ತ ಒಡೀಬಾರ್ದು ಕನಾ ಮೊಗಾ, ಒಡುದ್ರ ಬಾಡೆಲ್ಲ ಕಹಿಯಾಯ್ತದ" ಎನ್ನುತ್ತಿದ್ದ ನಮ್ಮ ತಾತ. ಕತ್ತಿಯ ತುದಿ ಎಲ್ಲಿ ನಿಲ್ಲಬೇಕು, ಕರುಳನ್ನು ಹೇಗೆ ಬಳಸಿ ಬರಬೇಕು ಎಂಬುದು ಅವನ ಕೈಗೇ ಗೊತ್ತಿತ್ತು. ಮುಂದೆ ಕಾಲೇಜಿನಲ್ಲಿ ಅದೇ ಪಿತ್ತಕೋಶ ಯಕೃತ್ತಿನ ಬಲಭಾಗದ ಅಡಿಯಲ್ಲಿ ಹಸಿರು ಚಿತ್ರವಾಗಿ ಕೂತಿತ್ತು. ಯಕೃತ್ತು ಸ್ರವಿಸಿದ ರಸವನ್ನು ಅದು ಕೂಡಿಡುತ್ತದೆ, ಕೊಬ್ಬು ಅರಗಲೆಂದು ಕರುಳಿಗೆ ಬಿಡುತ್ತದೆ ಎಂದು ಓದಿ ಬರೆದೆ. ತಾತನ ಮಾತಿಗೂ ಪುಸ್ತಕದ ಮಾತಿಗೂ ಜಗಳವಿರಲಿಲ್ಲ. ಆದರೂ ಪುಸ್ತಕದ ಮಾತಿಗೆ ಅಂಕ ಸಿಕ್ಕಿತು, ತಾತನ ಕೈಗೆ ಮೈಲಿಗೆ ಸಿಕ್ಕಿತು. ಇದು ಹೇಗಾಯಿತು?

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ದೇಹವನ್ನು ನೋಡಿ ಕಲಿಯುವ ಒಂದು ಕ್ರಮವಿದೆ. ಹೆಣವನ್ನು ಹುಲ್ಲು, ನಾರುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಬೇಕು. ಕೊಳೆತ ಮೇಲೆ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕು. ಕಣ್ಣಲ್ಲಿ ಕಂಡದ್ದೂ ಶಾಸ್ತ್ರದಲ್ಲಿ ಓದಿದ್ದೂ ಕೂಡಿದಾಗಲೇ ಅರಿವು ಬೆಳೆಯುತ್ತದೆ ಎಂಬುದು ಅಲ್ಲಿನ ನಿಲುವು. ಇದು ದೊಡ್ಡ ಮಾತು. ಆದರೆ ಆ ಪಂಜರವನ್ನು ನೀರಿಗಿಳಿಸಿದವರು ಯಾರು, ಏಳು ದಿನ ಕೊಳೆತದ್ದನ್ನು ಮೇಲೆತ್ತಿದವರು ಯಾರು? ಗ್ರಂಥ ಹೇಳುವುದಿಲ್ಲ.

ಮನುಸ್ಮೃತಿ ಈ ಅರಿವಿನ ಬಾಗಿಲನ್ನೇ ಮುಚ್ಚಿತು. ವೈದ್ಯ ಕೊಟ್ಟ ಅನ್ನ ಕೀವಿಗೆ ಸಮ ಎಂದಿತು. ಐದನೆಯ ಅಧ್ಯಾಯದಲ್ಲಿ ಚಂಡಾಲ, ಮುಟ್ಟಾದ ಹೆಂಗಸು, ಬಾಣಂತಿ, ಹೆಣ ಇವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ಮುಟ್ಟಿದವರು ಸ್ನಾನ ಮಾಡಬೇಕೆಂದಿತು. ಗಮನಿಸಿ: ಮುಟ್ಟು, ಹೆರಿಗೆ, ಸಾವು ದೇಹಕ್ರಿಯೆಯ ಮುಖ್ಯ ಪಾಠಗಳು. ಆ ಪಾಠಗಳೇ ಇಲ್ಲಿ ಮೈಲಿಗೆ! ಹತ್ತನೆಯ ಅಧ್ಯಾಯದಲ್ಲಿ ಇನ್ನೊಂದು ವಿಧಿಯಿದೆ. ಬಂಧುಗಳಿಲ್ಲದವರ ಹೆಣವನ್ನು ಚಂಡಾಲರು ಹೊರಬೇಕು. ಈ 'ಬಂಧುಗಳಿಲ್ಲದ ಹೆಣ' ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1835ರಲ್ಲಿ ಕಲಕತ್ತೆಯಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು. 1836ರಲ್ಲಿ ಅಲ್ಲಿ ಮಧುಸೂದನ ಗುಪ್ತ ಹೆಣ ಕುಯ್ದದ್ದನ್ನು ಭಾರತದ ಪುನರುಜ್ಜೀವನದ ಘಟನೆಯೆಂದು ಕೊಂಡಾಡುತ್ತಾರೆ. ಅವರು ವೈದ್ಯ ಜಾತಿಯವರು. ಅವರ ಧೈರ್ಯವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಕಾಲೇಜಿಗೆ ಹೆಣ ಹೊತ್ತು ತರುತ್ತಿದ್ದ ಡೋಮರು ಅದೇ ಹೆಣವನ್ನು ತಲೆಮಾರುಗಳಿಂದ ಮುಟ್ಟುತ್ತಲೇ ಇದ್ದರು. ಮೇಲಿನವರು ಒಂದು ಸಲ ಮುಟ್ಟಿದರೆ ಚರಿತ್ರೆ. ಕೆಳಗಿನವರು ದಿನಾ ಮುಟ್ಟಿದರೆ ಅದು ಅವರ ಜಾತಿಕಸುಬು!

ಕುಯ್ಯುವ ಮೇಜಿನ ಮೇಲೆ ಮಲಗಿದವರು ಯಾರು? ಎಡಿನ್‌ಬರೋದಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಅಂಗರಚನೆಯ ಪಾಠಕ್ಕೆ ಹೆಣ ಮಾರಲೆಂದೇ ಕೊಲೆ ಮಾಡುತ್ತಿದ್ದುದು ಬಯಲಾಯಿತು. ಸತ್ತವರು 16 ಮಂದಿ. 1832ರ ಬ್ರಿಟಿಷ್ ಕಾಯಿದೆ ವಾರಸುದಾರರಿಲ್ಲದ ಬಡವರ ಹೆಣವನ್ನು ಕಾಲೇಜಿಗೆ ಕೊಡುವ ದಾರಿ ಮಾಡಿತು. ನಮ್ಮಲ್ಲಿ 1957ರಲ್ಲಿ ಬಂದ ಅಂಗರಚನಾ ಕಾಯಿದೆಯೂ ವಾರಸುದಾರರಿಲ್ಲದ ಹೆಣಗಳನ್ನೇ ನೆಚ್ಚಿತು. ಅದು ಯಾವ ಜಾತಿಯ ಹೆಸರನ್ನೂ ಹೇಳುವುದಿಲ್ಲ, ನಿಜ. ಆದರೆ ವಾರಸುದಾರರು ಬಾರದೆ ಸಾಯುವವರು ಯಾರು? ಗುಳೆ ಹೋದವರು, ಬೀದಿಯಲ್ಲಿ ಮಲಗಿದವರು, ಬಸ್ ಚಾರ್ಜಿಲ್ಲದೆ ಮನೆಯವರು ಬರಲಾಗದವರು. ಮನುವಿನ 'ಬಂಧುಗಳಿಲ್ಲದ ಹೆಣ' ಆಧುನಿಕ ಕಾನೂನಿನ ಭಾಷೆಯಲ್ಲಿ ಮತ್ತೆ ಮುಂದೆ ಬಂತು.

ಮೇಜಿನ ಪಕ್ಕ ವಿದ್ಯಾರ್ಥಿಯಾಗಿ ನಿಲ್ಲುವುದಕ್ಕೇ ನಮ್ಮವರು ಗುದ್ದಾಡಬೇಕಾಯಿತು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿದ್ದ ಹನೂರೂ ಸೇರಿ, ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಯಳಂದೂರಿನವರ ರಾಜ್ಯದಲ್ಲಿ ಬೆಂಗಳೂರಲ್ಲಿ 1924ರಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಮೆಡಿಕಲ್ ಕಾಲೇಜಿತ್ತು. ಕೊಳ್ಳೇಗಾಲದವರು ಮದರಾಸಿನ ಲೆಕ್ಕಕ್ಕೆ ಸೇರಿದವರು. ಆ ಲೆಕ್ಕದಲ್ಲಿ ಪ್ರತಿ 14 ಸೀಟಿಗೆ ಹರಿಜನರಿಗೆ 2. ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ 1951ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನೇ ಹೊಡೆದುಹಾಕಿತು. ವಿಷಯ ಮೆಡಿಕಲ್ ಸೀಟಿನದು. ಆಕೆ ಅರ್ಜಿಯನ್ನೇ ಹಾಕಿರಲಿಲ್ಲ! ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿ ಬಂದು 15(4)ನೆಯ ವಿಧಿ ಸೇರಿತು. 1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಕೊಟ್ಟ 68% ಮೀಸಲಾತಿಯೂ ಬಾಲಾಜಿ ಮೊಕದ್ದಮೆಯಲ್ಲಿ ಬಿತ್ತು. 'ಪ್ರತಿಭೆ'ಯ ವಾದ ಎಲ್ಲಿ ಬಲವಾಗಿ ನಿಂತಿತು ನೋಡಿ. ಹೆಣ ಹೊರುವುದಕ್ಕೆ ಯಾರೂ ಯಾವತ್ತೂ ಪ್ರತಿಭೆ ಕೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ತಾತನ ಕತ್ತಿಯನ್ನು ವೈಭವೀಕರಿಸಿದರೆ ನಾವೂ ಅದೇ ಬಲೆಗೆ ಬೀಳುತ್ತೇವೆ. ಸತ್ತ ದನ ಎಳೆಯುವುದನ್ನು, ಅದರ ಮಾಂಸ ತಿನ್ನುವುದನ್ನು ಬಿಡಿ ಎಂಬ ಕರೆ 1927ರಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮಹಾಡಿನಿಂದ ಬಂತು. ಅದು ಸರಿಯಾದ ಕರೆ. ತಾತ ಬೇಕೆಂದು ಕಲಿತದ್ದಲ್ಲ ಅದು, ಹೇರಿದ್ದು. ಆದರೆ ಕಸುಬು ಬಿಡುವುದು ಬೇರೆ, ಕಸುಬಿನೊಳಗಿದ್ದ ಅರಿವನ್ನು ಅರಿವಲ್ಲ ಎಂದು ಒಪ್ಪಿಕೊಳ್ಳುವುದು ಬೇರೆ. ನಮ್ಮ ಸೀಮೆಯ ದೇವರಗುಡ್ಡರ ಮಾದಪ್ಪನ ಹಾಡಿನಲ್ಲಿ ಪಾದರಕ್ಷೆ ಹೊಲಿದುಕೊಟ್ಟ ಹರಳಯ್ಯನಿಗೆ ಹೆಸರಿದೆ. ಅಕ್ಷರ ಕಲಿತವರ ವೈದ್ಯ ಚರಿತ್ರೆಯಲ್ಲಿ ಡೋಮನಿಗೆ ಹೆಸರಿಲ್ಲ.

ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಹನೂರೂ ಈಗ ತಾಲ್ಲೂಕು. ನಮ್ಮ ಕೇರಿಗಳ ಹೆಣ್ಣುಮಕ್ಕಳು ಬಿಳಿ ಕೋಟು ತೊಟ್ಟು ಓಡಾಡುವ ಕಾಲ ಬಂದಿದೆ. ಅದು ಸಣ್ಣ ಗೆಲುವಲ್ಲ. ಆದರೆ ದೇಶದ ಎಷ್ಟೋ ಶವಾಗಾರಗಳಲ್ಲಿ ಇವತ್ತಿಗೂ ಹೆಣ ಬಿಡಿಸುವವರು ದಲಿತ ಕೇರಿಯ ಕೆಳದರ್ಜೆ ನೌಕರರು. ವರದಿಗೆ ಸಹಿ ಡಾಕ್ಟರದು. ಅಂಗರಚನೆ ಓದುವ ನಮ್ಮ ವಿದ್ಯಾರ್ಥಿಗಳು ಮೊದಲ ದಿನ ಎರಡು ಪ್ರಶ್ನೆ ಕೇಳಲಿ: ಮೇಜಿನ ಮೇಲಿರುವವರು ಎಲ್ಲಿಂದ ಬಂದರು, ಅವರನ್ನು ಇಲ್ಲಿ ಮಲಗಿಸಿದವರ ಹೆಸರೇನು? ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲಿ. ಪಿತ್ತಕೋಶದ ಚಿತ್ರ ಆಮೇಲೆ ಬರೆದರಾಯಿತು.