ಸಂದರ್ಶನದ ಅಂಕ ಮತ್ತು ವೈದ್ಯಕೀಯ ಸೀಟು: ಮೈಸೂರು ರಾಜ್ಯದ ಎರಡು ಮೊಕದ್ದಮೆಗಳ ಮರುಓದು

ವೈದ್ಯಕೀಯ ಪ್ರವೇಶ ನಿಯಮಗಳ ಚರಿತ್ರೆಯಲ್ಲಿ ಮೈಸೂರು ರಾಜ್ಯದ ಎರಡು ಪ್ರಕರಣಗಳಿಗೆ ದೊಡ್ಡ ಸ್ಥಾನವಿದೆ: ಎಂ.ಆರ್. ಬಾಲಾಜಿ (1962), ಆರ್. ಚಿತ್ರಲೇಖಾ (1964). ಎರಡನ್ನೂ ಮೀಸಲಾತಿಯ ತೀರ್ಪುಗಳೆಂದೇ ಓದುವುದು ರೂಢಿ. ಚಿತ್ರಲೇಖಾ ಪ್ರಕರಣದಲ್ಲಿ ಅಷ್ಟೇ ತೂಕದ ಇನ್ನೊಂದು ಪ್ರಶ್ನೆಯಿತ್ತು. ಅದು ನಮ್ಮ ಚರ್ಚೆಗಳಿಂದ ಜಾರಿಹೋಗಿದೆ.

1962ರ ಜುಲೈ 31ರ ಸರ್ಕಾರಿ ಆದೇಶ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ನ್ನು ಮೀಸಲಿಟ್ಟಿತ್ತು. ಅದರ ಹಿಂದೆ ನಾಗನಗೌಡ ಸಮಿತಿಯ ವರದಿಯಿತ್ತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದಿಂದ ಸಾವಿರಕ್ಕೆ ಎಷ್ಟು ಮಕ್ಕಳಿದ್ದಾರೆಂದು ಸಮಿತಿ ಲೆಕ್ಕ ಹಾಕಿತ್ತು. ರಾಜ್ಯದ ಸರಾಸರಿ 6.9. ಲೆಕ್ಕ ಕಣ್ಣೆದುರಿಗಿದ್ದುದರಿಂದಲೇ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒರೆಗೆ ಹಚ್ಚಿ, ಸರಾಸರಿಯ ಆಸುಪಾಸಿನವರನ್ನು ಹಿಂದುಳಿದವರೆನ್ನಲಾಗದು, ಮೀಸಲಾತಿ ಸಾಮಾನ್ಯವಾಗಿ ಶೇ. 50ರೊಳಗಿರಬೇಕು ಎಂದಿತು.

ಮರುವರ್ಷ ಸರ್ಕಾರ ಜಾತಿಯನ್ನು ಬಿಟ್ಟು, ವಾರ್ಷಿಕ 1,200 ರೂಪಾಯಿಯ ಆದಾಯಮಿತಿ ಮತ್ತು ಕಸುಬನ್ನು ಅಳತೆಗೋಲಾಗಿ ಹಿಡಿಯಿತು. ಜೊತೆಗೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಕೊಟ್ಟಿತು. ಸಾಮಾನ್ಯ ಜ್ಞಾನ, ಅಭಿರುಚಿ, ವ್ಯಕ್ತಿತ್ವ, ಪಠ್ಯೇತರ ಚಟುವಟಿಕೆ ಇವೆಲ್ಲ ಅದರ ಮಾನದಂಡಗಳು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಸೀಟು ಕಳೆದುಕೊಂಡರು; ಚಿತ್ರಲೇಖಾ ಪ್ರಕರಣ ಹುಟ್ಟಿದ್ದು ಹೀಗೆ. ಸಂದರ್ಶನ ನಡೆದ ರೀತಿಯಲ್ಲಿ ಅಧಿಕಾರದ ದುರುಪಯೋಗವಾಗಿದೆಯೆಂದು ಹೈಕೋರ್ಟು ಮರುಸಂದರ್ಶನಕ್ಕೆ ಆದೇಶಿಸಿತು. ಆದರೂ ಸುಪ್ರೀಂ ಕೋರ್ಟಿನ ಬಹುಮತ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಮುಧೋಳ್ಕರ್ ಅವರದು ಭಿನ್ನಮತ.

ಒಂದು ಅಳತೆ ಒರೆಗೆ ಸಿಕ್ಕಿತು, ಇನ್ನೊಂದು ತಪ್ಪಿಸಿಕೊಂಡಿತು; ಈ ಅಸಮತೆ ಗಂಭೀರವಾದುದು. ಸಾವಿರಕ್ಕೆ 6.9 ಎಂಬ ಅಂಕಿಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದಿತ್ತು. ‘ವ್ಯಕ್ತಿತ್ವ’ಕ್ಕೆ ಬಿದ್ದ ಅಂಕವನ್ನು ಯಾವ ಲೆಕ್ಕದಿಂದ ಪ್ರಶ್ನಿಸುವುದು? ಹಳ್ಳಿಯ ಬಡ ರೈತನ ಮಗಳಿಗೆ ಆದಾಯಮಿತಿ ತೆರೆದ ಬಾಗಿಲನ್ನು ಆಯ್ಕೆ ಸಮಿತಿಯ ಕೋಣೆ ಮುಚ್ಚಬಲ್ಲದಾಗಿತ್ತು: ಚರ್ಚಾಸ್ಪರ್ಧೆ, ನಾಟಕ, ಎನ್‌ಸಿಸಿ ಇವು ಎಲ್ಲ ಊರಿನ ಶಾಲೆಗಳಲ್ಲಿ ಇರಲಿಲ್ಲ. ಹಿಂದುಳಿದಿರುವಿಕೆಯನ್ನು ಸರಿಪಡಿಸಹೊರಟ ಆದೇಶವೇ ಅದರ ಗುರುತುಗಳಿಗೆ ಅಂಕ ಕಳೆಯುವ ಅವಕಾಶವನ್ನೂ ಒಳಗಿಟ್ಟುಕೊಂಡಿತ್ತು ಎಂಬುದು ನನ್ನ ಓದು.

ಸಂದರ್ಶನದ ಪಾಲಿಗೆ ನ್ಯಾಯಾಲಯ ಬಿಗಿಯಾದ ಕಡಿವಾಣ ಹಾಕಿದ್ದು 1980ರಲ್ಲಿ, ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದರ ಸಂಬಂಧ ಬಂದ ಅಜಯ್ ಹಾಸಿಯಾ ಪ್ರಕರಣದಲ್ಲಿ; ಶೇ. 15 ಮೀರಿದರೆ ಅದು ಸ್ವೇಚ್ಛಾಚಾರವೆಂದಿತು. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಪ್ರವೇಶ ಪರೀಕ್ಷೆ ಬಂತು, ಆಮೇಲೆ ನೀಟ್. ಚಿತ್ರಲೇಖಾ ತೀರ್ಪನ್ನು ಜಾತಿಯ ಅಧ್ಯಾಯದಲ್ಲಷ್ಟೇ ಪಾಠ ಹೇಳುವ ನಮ್ಮ ಕಾನೂನು ತರಗತಿಗಳಲ್ಲಿ ಆ ಶೇ. 25ರ ಚರ್ಚೆಯೂ ನಡೆಯಬೇಕು.